ಗೋದಲಿಗೆ ಬಾಲಯೇಸು ಬರುವುದು 24ರ ರಾತ್ರಿ, ಅಲ್ಲಿಯವರೆಗೆ ಕಾಯೋಣ

ಮಾನ್ಯ ಸಂಪಾದಕರೇ,

ಡಿಸೆಂಬರ್ ಮೊದಲ ವಾರ ಮುಗಿಯುವ ಮುನ್ನವೇ ನಮ್ಮ ಎಷ್ಟೋ ದೇವಾಲಯ, ಶಾಲೆ, ಮನೆಗಳ ಗೋದಲಿಯಲ್ಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ದೃಶ್ಯದಲ್ಲಿ, ಬಾಲಯೇಸುವಿನ ಪ್ರತಿಮೆ ಬಂದು ಮಲಗಿರುತ್ತದೆ. ಹತ್ತನೇ ತಾರೀಖಿಗೆ ಕ್ರಿಸ್ಮಸ್ ಕೇಕ್ ಕತ್ತರಿಸಿಯಾಗಿರುತ್ತದೆ, ಆಮೇಲೆ ಶಾಲೆಯ ಕಾರ್ಯಕ್ರಮ, ಆಫೀಸಿನ ಪಾರ್ಟಿ, ಸಂಘದ ಕೂಟ. ನಿಜವಾದ ಹಬ್ಬ ಬರುವ ಹೊತ್ತಿಗೆ ಎಲ್ಲರಿಗೂ ಸಾಕಾಗಿರುತ್ತದೆ. 26ಕ್ಕೆ ನಕ್ಷತ್ರ ಇಳಿಸಿ, ಮರ ಬಿಚ್ಚಿ ಅಟ್ಟಕ್ಕೆ ಏರಿಸಿಬಿಡುತ್ತೇವೆ. ಕ್ರಿಸ್ಮಸ್‌ನಲ್ಲಿ ಕ್ರಿಸ್ತರೇ ಕಾಣುತ್ತಿಲ್ಲ ಎಂದು ಮಾಲ್‌ಗಳನ್ನೂ ಸಾಂತಾಕ್ಲಾಸ್‌ನನ್ನೂ ದೂರುವುದು ಸುಲಭ. ಆದರೆ ಅಂಗಡಿಯವರು ತಮ್ಮ ವ್ಯಾಪಾರ ಮಾಡುತ್ತಾರೆ, ವಿಶ್ವಾಸ ಕಲಿಸುವುದು ಅವರ ಕೆಲಸವಲ್ಲ. ಆ ಕೆಲಸಕ್ಕೆ ಕಥೋಲಿಕ ಧರ್ಮಸಭೆ ಒಂದು ಪಂಚಾಂಗವನ್ನೇ ನಮ್ಮ ಕೈಗೆ ಕೊಟ್ಟಿದೆ. ಅದನ್ನು ಇದ್ದ ಹಾಗೆ ಪಾಲಿಸಿದರೆ ಹಬ್ಬದ ನಡುವೆ ಯಾರಿರಬೇಕೋ ಅವರೇ ಇರುತ್ತಾರೆ ಎಂಬುದು ಧರ್ಮಕೇಂದ್ರಗಳಲ್ಲಿ ಧರ್ಮೋಪದೇಶ ಕಲಿಸುವ, ಗಾನವೃಂದ ನಡೆಸುವ, ಪೂಜಾವಿಧಿಗೆ ಸಿದ್ಧತೆ ಮಾಡುವ ನಮ್ಮ ಅಭಿಪ್ರಾಯ.

ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ, ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲ (ಅಡ್ವೆಂಟ್) ಶುರುವಾಗುತ್ತದೆ. ಒಟ್ಟು ನಾಲ್ಕು ಭಾನುವಾರ. ಗುರುಗಳ ಪೂಜಾವಸ್ತ್ರ ನೇರಳೆ ಬಣ್ಣದ್ದು, ಮೂರನೇ ಭಾನುವಾರ ಮಾತ್ರ ಗುಲಾಬಿ ಬಣ್ಣಕ್ಕೆ ಅವಕಾಶವಿದೆ. ಭಾನುವಾರದ ಪೂಜೆಯಲ್ಲಿ ದೇವರನ್ನು ಕೊಂಡಾಡುವ ಮಹಿಮಾ ಗೀತೆ (ಗ್ಲೋರಿಯಾ) ಇರುವುದಿಲ್ಲ. ಹೂವಿನ ಅಲಂಕಾರ ಹಿತಮಿತವಾಗಿರಲಿ, ವಾದ್ಯಗಳ ಬಳಕೆಯೂ ಹಾಗೆಯೇ ಇರಲಿ ಎಂದು ರೋಮನ್ ಪೂಜಾಗ್ರಂಥದ ಸಾಮಾನ್ಯ ನಿಯಮಾವಳಿ 305 ಮತ್ತು 313ನೇ ಕಲಮುಗಳಲ್ಲಿ ಹೇಳುತ್ತದೆ. ಡಿಸೆಂಬರ್ 16ರವರೆಗಿನ ಪ್ರಾರ್ಥನೆಗಳ ಒತ್ತು ಕ್ರಿಸ್ತರ ಪುನರಾಗಮನದ ಮೇಲೆ. 17ರಿಂದ 24ರವರೆಗೆ ಜನನಕ್ಕೆ ನೇರವಾದ ಸಿದ್ಧತೆ. ಕ್ರಿಸ್ಮಸ್ ಕಾಲ ಶುರುವಾಗುವುದೇ 24ರ ಸಂಜೆ. ಅದು 25ಕ್ಕೆ ಮುಗಿಯುವುದಿಲ್ಲ, ಜನವರಿಯಲ್ಲಿ ಬರುವ ಯೇಸುವಿನ ದೀಕ್ಷಾಸ್ನಾನದ ಹಬ್ಬದವರೆಗೂ ನಡೆಯುತ್ತದೆ. ನಾವು ಇದನ್ನು ತಿರುಗುಮುರುಗು ಮಾಡಿದ್ದೇವೆ. ಕಾಯಬೇಕಾದ ನಾಲ್ಕು ವಾರ ಹಬ್ಬ ಮಾಡಿ, ಹಬ್ಬ ಮಾಡಬೇಕಾದ ಎರಡು ವಾರ ಸುಮ್ಮನಿದ್ದುಬಿಡುತ್ತೇವೆ.

ತಿದ್ದುವುದನ್ನು ಗೋದಲಿಯಿಂದಲೇ ಶುರುಮಾಡಬಹುದು. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಮಾಡಿಸಿದ ಗೋದಲಿಯಲ್ಲಿ ಇದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಆ ಮೇವಿನ ತೊಟ್ಟಿಯ ಮೇಲೆಯೇ ಬಲಿಪೂಜೆ, ಅಂದರೆ ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಪೂಜೆ (ಮಾಸ್), ನಡೆಯಿತು. ಗೋದಲಿ ಜನರ ಕಣ್ಣನ್ನು ಬಲಿಪೀಠದ ಕಡೆಗೆ ತಿರುಗಿಸಬೇಕು ಎಂಬುದು ಆಗಲೇ ಗೊತ್ತಿತ್ತು. ಆದ್ದರಿಂದ ದೇವಾಲಯದೊಳಗೆ ಗೋದಲಿ ಪೀಠದ ಮುಂದೆ ಬೇಡ, ಪಕ್ಕದಲ್ಲೋ ಬಾಗಿಲ ಬಳಿಯೋ ಇರಲಿ.

ಕಟ್ಟುವ ಕ್ರಮ ಹೀಗಿದ್ದರೆ ಚೆನ್ನ. ಮೊದಲ ಭಾನುವಾರ ಖಾಲಿ ಕೊಟ್ಟಿಗೆ ಮತ್ತು ಹುಲ್ಲು ಮಾತ್ರ. ಎರಡನೇ ವಾರ ಎತ್ತು, ಕತ್ತೆ. ಮೂರನೇ ವಾರ ಕುರುಬರು ಮತ್ತು ಕುರಿಗಳು, ಕೊಟ್ಟಿಗೆಯಿಂದ ಸಾಕಷ್ಟು ದೂರದಲ್ಲಿ. ನಾಲ್ಕನೇ ಭಾನುವಾರ ಮರಿಯಮ್ಮ, ಜೋಸೆಫರು. ಅವರಿಬ್ಬರ ನಡುವೆ ಖಾಲಿ ತೊಟ್ಟಿ. ಆ ಖಾಲಿ ಜಾಗವೇ ಮಕ್ಕಳ ಕಣ್ಣಿಗೆ ಬೀಳುವುದು. 'ಪಾಪು ಎಲ್ಲಿ?' ಎಂದು ಮಗು ಕೇಳಿದರೆ ಅರ್ಧ ಧರ್ಮೋಪದೇಶ ಮುಗಿದಂತೆ. 24ರ ರಾತ್ರಿಯ ಪೂಜೆಯಲ್ಲಿ ಗುರುಗಳು ಬಾಲಯೇಸುವನ್ನು ತಂದು ಮಲಗಿಸುತ್ತಾರೆ. ನಕ್ಷತ್ರ ಕಂಡು ಯೇಸುವನ್ನು ನೋಡಲು ಬಂದ ಜ್ಞಾನಿಗಳು ಆಗಲೂ ದೂರದಲ್ಲೇ ಇರುತ್ತಾರೆ, ಕಿಟಕಿಯ ಮೇಲೋ ಕಂಬದ ಬಳಿಯೋ. 26ರಿಂದ ದಿನಕ್ಕಿಷ್ಟು ಎಂದು ಅವರನ್ನು ಮುಂದೆ ತಂದು ದೈವದರ್ಶನದ ಹಬ್ಬದಂದು ತಲುಪಿಸಬೇಕು. ನಮ್ಮ ದೇಶದಲ್ಲಿ ಆ ಹಬ್ಬವನ್ನು ಜನವರಿ 2ರಿಂದ 8ರೊಳಗಿನ ಭಾನುವಾರ ಆಚರಿಸುತ್ತೇವೆ.

ಹಸಿರಿಗೆ ಪ್ಲಾಸ್ಟಿಕ್ ಹುಲ್ಲು ತರುವುದಕ್ಕಿಂತ ರಾಗಿ ಬಿತ್ತುವ ಹಳೆಯ ಪದ್ಧತಿಯೇ ಒಳ್ಳೆಯದು. ಅದು ಮಕ್ಕಳ ಕೈಯಿಂದಲೇ ಆಗಲಿ. ಡಿಸೆಂಬರ್ 13ರ ರಾತ್ರಿ ರಾಗಿ ನೆನೆಹಾಕಿ, ಮರುದಿನ ನೀರು ಬಸಿದು, ತಳದಲ್ಲಿ ತೂತಿರುವ ತಟ್ಟೆಯಲ್ಲಿ ಒಂದು ಅಂಗುಲ ಮಣ್ಣು ಹರಡಿ, ಕಾಳು ಒಂದರ ಮೇಲೊಂದು ಬೀಳದಂತೆ ಚೆಲ್ಲಬೇಕು. ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಎರಡು ದಿನ ಒದ್ದೆ ಬಟ್ಟೆ ಮುಚ್ಚಿಡಬೇಕು. ಮೊಳಕೆ ಕಂಡ ಕೂಡಲೇ ಬಟ್ಟೆ ತೆಗೆದು ಬೆಳಕಿಗೆ ಇಟ್ಟು, ದಿನಕ್ಕೆರಡು ಸಲ ನೀರನ್ನು ಕೈಯಿಂದ ಚಿಮುಕಿಸಿದರೆ ಸಾಕು. ಚೊಂಬಿನಿಂದ ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಸರಿದು ಬೂಷ್ಟು ಹಿಡಿಯುತ್ತದೆ. ಬೆಳಕು ಕಾಣದ ಕೋಣೆಯಲ್ಲಿಟ್ಟರೆ ಪೈರು ಹಳದಿಯಾಗಿ, ಉದ್ದವಾಗಿ ಬೆಳೆದು ಅಡ್ಡ ಬೀಳುತ್ತದೆ. ತೀರಾ ಮೊದಲೇ, ತಿಂಗಳ ಆರಂಭದಲ್ಲೇ ಬಿತ್ತಿದರೆ ಹಬ್ಬದ ಹೊತ್ತಿಗೆ ಬಾಡಿರುತ್ತದೆ. ಹತ್ತು ದಿನ ದಿನವೂ ನೋಡಿಕೊಂಡ ಮಗುವಿಗೆ ಕಾಯುವುದೆಂದರೆ ಏನೆಂದು ಬೇರೆ ಪಾಠ ಬೇಕಾಗುವುದಿಲ್ಲ.

ಒಣಹುಲ್ಲಿನ ಮೇಲೆ ಸೀರಿಯಲ್ ಸೆಟ್ ವೈರು ಹರಿಯಬಿಡುವುದು ಅಪಾಯ. ಹಳೆಯ ಬಲ್ಬಿನ ಸರ ಬಿಸಿಯಾಗುತ್ತದೆ, ಜೋಡಣೆ ಸಡಿಲವಿದ್ದರೆ ಕಿಡಿ ಹಾರುತ್ತದೆ. ಎಲ್‌ಇಡಿ ಸರವನ್ನೇ ಬಳಸಿ ವೈರನ್ನು ಕೊಟ್ಟಿಗೆಯ ಹಿಂಭಾಗದಿಂದ ತನ್ನಿ. ಮೇಣದಬತ್ತಿ ಗೋದಲಿಯ ಹತ್ತಿರ ಬೇಡ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ತೊಟ್ಟಿಯನ್ನು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿಟ್ಟರೆ ಚಿಕ್ಕ ಮಕ್ಕಳಿಗೂ ಕಾಣುತ್ತದೆ, ದೊಡ್ಡವರು ಸ್ವಲ್ಪ ಬಾಗಿ ನೋಡಬೇಕಾಗುತ್ತದೆ. ಅದೂ ಒಳ್ಳೆಯದೇ.

ಇಷ್ಟೆಲ್ಲ ಗೊತ್ತಿದ್ದೂ ಪ್ರತಿಮೆ ಮೊದಲೇ ಬಂದು ಕೂರುವುದಕ್ಕೆ ಬಹುಪಾಲು ಕಡೆ ಕಾರಣ ಗೋದಲಿ ಸ್ಪರ್ಧೆ. ತೀರ್ಪುಗಾರರು 20ರಿಂದ 23ರೊಳಗೆ ಮನೆಮನೆಗೆ ಬರುತ್ತಾರೆ, ಅಷ್ಟರೊಳಗೆ ಎಲ್ಲ ಪೂರ್ಣವಾಗಿರಬೇಕು. ಅಂಕ ಬೀಳುವುದು ದೀಪಾಲಂಕಾರಕ್ಕೆ, ಹೊಸತನಕ್ಕೆ. ಹಾಗಾಗಿ ಕಾರಂಜಿ, ಓಡುವ ರೈಲು, ರಾಕೆಟ್ಟು, ಥರ್ಮಾಕೋಲ್ ಬೆಟ್ಟಗಳ ನಡುವೆ ತೊಟ್ಟಿಯನ್ನು ಹುಡುಕಬೇಕಾಗುತ್ತದೆ. ಸ್ಪರ್ಧೆ ನಿಲ್ಲಿಸಿ ಎನ್ನುತ್ತಿಲ್ಲ, ಯುವಕರು ಒಟ್ಟಾಗಿ ದುಡಿಯುವ ಇಂಥ ಕೆಲಸ ಇನ್ನೊಂದಿಲ್ಲ. ತೀರ್ಪಿನ ದಿನ ಬದಲಿಸಿದರೆ ಸಾಕು. ಡಿಸೆಂಬರ್ 26ರಿಂದ ಜನವರಿ 1ರೊಳಗೆ, ಅಂದರೆ ಹಬ್ಬದ ಎಂಟು ದಿನಗಳ ಅಷ್ಟಾಹದಲ್ಲೇ ತೀರ್ಪು ನಡೆಯಲಿ. ಆಗ 24ಕ್ಕೆ ಮುನ್ನ ಪ್ರತಿಮೆ ಇಡುವ ಅಗತ್ಯವೇ ಇಲ್ಲ, ಹಬ್ಬದ ನಂತರವೂ ಮನೆಗಳಿಗೆ ಜನ ಬಂದಂತಾಗುತ್ತದೆ. ನೂರು ಅಂಕಗಳಲ್ಲಿ ನಲವತ್ತು ಶುಭಸಂದೇಶಕ್ಕೆ (ಬೈಬಲ್ಲಿನಲ್ಲಿರುವ ಯೇಸುವಿನ ವೃತ್ತಾಂತಕ್ಕೆ) ನಿಷ್ಠೆ ಮತ್ತು ತೊಟ್ಟಿ ಎದ್ದು ಕಾಣುವುದಕ್ಕೆ, ಮೂವತ್ತು ಮನೆಯ ಮಗುವೊಂದು ನಿಂತು ವಿವರಿಸುವುದಕ್ಕೆ, ಉಳಿದದ್ದು ಸ್ಥಳೀಯ ವಸ್ತು ಮತ್ತು ಅಚ್ಚುಕಟ್ಟಿಗೆ. ಖರ್ಚಿಗೆ ಮಿತಿ ಇಟ್ಟರೆ ಬಡ ಕುಟುಂಬವೂ ಧೈರ್ಯವಾಗಿ ಭಾಗವಹಿಸುತ್ತದೆ.

ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾಗೆ, ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ ಹಬ್ಬದ ದಿನಗಳಲ್ಲಿ ಬರುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಚಪ್ಪಲಿ ಬಿಟ್ಟು, ಕೈಮುಗಿದು, ಮಕ್ಕಳನ್ನು ಎತ್ತಿ ಗೋದಲಿ ತೋರಿಸುತ್ತಾರೆ. ದೇವಾಲಯ ಯಾವುದೇ ಇರಲಿ, ಇಂಥ ಅತಿಥಿಗಳಿಗೆ ಅಲ್ಲಿ ಒಂದು ಮಾತೂ ಸಿಗದಿದ್ದರೆ ತಪ್ಪು ನಮ್ಮದು. ಗೋದಲಿಯ ಪಕ್ಕ ಕನ್ನಡದಲ್ಲಿ ಒಂದು ಫಲಕ ಇಡಿ. ಲೂಕನ ಶುಭಸಂದೇಶದ ಎರಡನೇ ಅಧ್ಯಾಯದ 7 ಮತ್ತು 10ರಿಂದ 12ನೇ ವಚನಗಳು ಸಾಕು, ಆರಡಿ ದೂರದಿಂದ ಓದುವಷ್ಟು ದೊಡ್ಡ ಅಕ್ಷರದಲ್ಲಿ. ಪಾಳಿಯ ಮೇಲೆ ಇಬ್ಬರು ನಿಂತು ಕೇಳಿದವರಿಗೆ ಉತ್ತರ ಕೊಡಲಿ. ಅವರಿಗೆ ಕೆಲವು ಸಂಗತಿ ಸರಿಯಾಗಿ ಗೊತ್ತಿರಬೇಕು. ಜ್ಞಾನಿಗಳು ಮೂವರೆಂದು ಮತ್ತಾಯ ಬರೆದಿಲ್ಲ, ಕಾಣಿಕೆ ಮೂರು ಎಂಬುದರಿಂದ ಬಂದ ಸಂಪ್ರದಾಯ ಅದು. ಅವರು ಬಂದದ್ದು ಮನೆಗೆ ಎಂದು ಮತ್ತಾಯನಲ್ಲಿದೆ. ಎತ್ತು, ಕತ್ತೆ ಲೂಕನಲ್ಲಿ ಇಲ್ಲ. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ಯಜಮಾನನ ಗೋದಲಿ ಗೊತ್ತು, ನನ್ನ ಜನರಿಗೆ ಮಾತ್ರ ಗೊತ್ತಿಲ್ಲ ಎಂದು ದೇವರು ನೊಂದುಕೊಳ್ಳುವ ಯೆಶಾಯನ ಮೊದಲ ಅಧ್ಯಾಯದಿಂದ ಅವು ಬಂದಿವೆ. ಇಷ್ಟು ಹೇಳಿದರೆ ಗೊಂಬೆ ನೋಡಲು ಬಂದವರು ವಿಷಯ ತಿಳಿದುಕೊಂಡು ಹೋಗುತ್ತಾರೆ.

ರಾತ್ರಿಯ ಬಲಿಪೂಜೆಯ ವಿಚಾರಕ್ಕೆ ಬರೋಣ. ಪೂಜೆಗೆ ಮುಂಚಿನ ಕ್ಯಾರಲ್ (ಕ್ರಿಸ್ಮಸ್ ಹಾಡುಗಳ) ಕಾರ್ಯಕ್ರಮ ಹಿಗ್ಗುತ್ತಾ ಹೋಗಿ, ಕೊನೆಯಲ್ಲಿ ಸಾಂತಾ ವೇಷದವರು ಚಾಕೊಲೇಟ್ ಎರಚಿ, ಮಕ್ಕಳು ಓಡಾಡಿ, ಆ ಗದ್ದಲದಲ್ಲೇ ಪ್ರವೇಶಗೀತೆ ಶುರುವಾಗುತ್ತದೆ. ಜನರ ಮನಸ್ಸು ಪೂಜೆಗೆ ತಿರುಗುವಷ್ಟರಲ್ಲಿ ವಾಚನಗಳು ಮುಗಿದಿರುತ್ತವೆ. ಕ್ಯಾರಲ್‌ಗಳನ್ನು ಇಪ್ಪತ್ತು ನಿಮಿಷ ಮುಂಚೆ ನಿಲ್ಲಿಸಿ, ದೀಪ ತಗ್ಗಿಸಿ. ಆ ಮೌನ ಮೊದಲ ಐದು ನಿಮಿಷ ಕಷ್ಟವೆನಿಸುತ್ತದೆ, ಆಮೇಲೆ ಜನರೇ ಕಾಪಾಡುತ್ತಾರೆ. ಪೂಜೆ ಶುರುವಾಗುವ ಮುನ್ನ ಕ್ರಿಸ್ತಜನನದ ಘೋಷಣೆಯನ್ನು ಹಾಡಿ. ಸೃಷ್ಟಿಯಿಂದ ಹಿಡಿದು ಅಬ್ರಹಾಮ, ಮೋಶೆ, ದಾವೀದರನ್ನು ಹಾದು ಔಗುಸ್ತ ಚಕ್ರವರ್ತಿಯ ಆಳ್ವಿಕೆಯ ವರ್ಷಕ್ಕೆ ಬಂದು ನಿಲ್ಲುವ ಈ ಪುಟ್ಟ ಪಠ್ಯವನ್ನು ಅನೇಕ ಕಡೆ ಕೈಬಿಟ್ಟಿದ್ದಾರೆ. ಹಾಡಲು ಮೂರು ನಿಮಿಷ ಸಾಕು. ಮಹಿಮಾ ಗೀತೆ ಶುರುವಾದಾಗ ಎಲ್ಲ ದೀಪ, ಎಲ್ಲ ಗಂಟೆ. ನಾಲ್ಕು ಭಾನುವಾರ ಆ ಗೀತೆಯನ್ನು ಹಾಡದೆ ಕಾದವರಿಗೆ ಅದರ ಬೆಲೆ ಆ ಕ್ಷಣದಲ್ಲಿ ತಿಳಿಯುತ್ತದೆ.

ಆ ರಾತ್ರಿಯ ವಾಚನಗಳು ಯೆಶಾಯ 9, ತೀತನಿಗೆ ಬರೆದ ಪತ್ರ 2, ಲೂಕ 2:1–14. ಕೀರ್ತನೆ 96. ಓದುವವರಿಗೆ ಕನಿಷ್ಠ ಹತ್ತು ದಿನ ಮುಂಚೆ ಪಠ್ಯ ಕೊಟ್ಟು, ಒಮ್ಮೆ ಮೈಕಿನಲ್ಲೇ ಓದಿಸಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಯುವಜನರು ಯೆಶಾಯನ ಉದ್ದನೆಯ ವಾಕ್ಯಗಳಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡವರಿಸುತ್ತಾರೆ. ಪೆನ್ಸಿಲಿನಲ್ಲಿ ಗೀಟು ಹಾಕಿಕೊಟ್ಟರೆ ಆ ತೊಂದರೆ ಇರುವುದಿಲ್ಲ. ಕೀರ್ತನೆಯನ್ನು ಓದಬೇಡಿ, ಹಾಡಿ. ಜನರೇ ಹಾಡಬೇಕಾದ ಪಲ್ಲವಿ ಮೇಲಿನ ಷಡ್ಜ ದಾಟಿದರೆ ಬಾಯಿಗಳು ಮುಚ್ಚಿಕೊಳ್ಳುತ್ತವೆ, ಸರಿರಾತ್ರಿ ಯಾರ ದನಿಯೂ ಅಷ್ಟು ಏರುವುದಿಲ್ಲ. ಕೀಬೋರ್ಡಿನ ಸಿದ್ಧ ತಾಳವನ್ನು ಅರ್ಧಕ್ಕೆ ಇಳಿಸಿ, ಪದ ಕೇಳಿಸಲಿ. ಇನ್ನೊಂದು ಸಂಗತಿ. ವಿಶ್ವಾಸ ಪ್ರಮಾಣ ಹೇಳುವಾಗ, ಕನ್ಯಾಮರಿಯಳಲ್ಲಿ ಮನುಷ್ಯರಾದರು ಎಂಬ ಭಾಗಕ್ಕೆ ಬಂದಾಗ ವರ್ಷವಿಡೀ ತಲೆಬಾಗುವ ನಾವು ಕ್ರಿಸ್ಮಸ್ ಮತ್ತು ಮಂಗಳವಾರ್ತೆಯ (ದೇವದೂತ ಮರಿಯಮ್ಮನಿಗೆ ಯೇಸುವಿನ ಜನನದ ಸುದ್ದಿ ತಿಳಿಸಿದ) ಹಬ್ಬದಂದು ಮಾತ್ರ ಮೊಣಕಾಲೂರಬೇಕು. ಮುಂಚಿತವಾಗಿ ಒಂದು ವಾಕ್ಯದಲ್ಲಿ ಹೇಳದಿದ್ದರೆ ಅರ್ಧ ಜನ ನಿಂತು, ಅರ್ಧ ಜನ ಊರಿ, ಗಲಿಬಿಲಿಯಾಗುತ್ತದೆ. ಇಡೀ ಹಬ್ಬದ ತಿರುಳು ಆ ಮೊಣಕಾಲೂರುವಿಕೆಯಲ್ಲಿದೆ, ಅದನ್ನು ಕಳೆದುಕೊಳ್ಳಬಾರದು.

ಹಬ್ಬಕ್ಕೆ ಮುನ್ನ ಒಬ್ಬೊಬ್ಬರೂ ಗುರುಗಳ ಬಳಿ ಮಾಡುವ ಪಾಪನಿವೇದನೆಗೆ ಲೆಕ್ಕ ಹಾಕಿ ಸಮಯ ಕೊಡಬೇಕು. ಆರುನೂರು ಜನರಿಗೆ ತಲಾ ಐದು ನಿಮಿಷವೆಂದರೆ ಐವತ್ತು ಗಂಟೆ. ಅದು 23 ಮತ್ತು 24ರ ಸಂಜೆಗಳಲ್ಲಿ ಆಗುವ ಕೆಲಸವಲ್ಲ. ಆಗಮನದ ಎರಡನೇ ವಾರದಿಂದಲೇ ನೆರೆಮನೆಗಳ ಕಿರು ಸಮುದಾಯಗಳಿಗೆ ಒಂದೊಂದು ಸಂಜೆ ಹಂಚಿ, ನೆರೆಯ ಧರ್ಮಕೇಂದ್ರಗಳ ಗುರುಗಳನ್ನೂ ಕರೆಸಿಕೊಳ್ಳಬೇಕು.

ಕ್ಯಾರಲ್ ತಂಡಗಳ ಬಗ್ಗೆ. ಸಂಜೆ ಏಳರಿಂದ ಹತ್ತರವರೆಗೆ ನಲವತ್ತು ಮನೆ ಮುಗಿಸುವ ಗುರಿ ಇಟ್ಟುಕೊಂಡರೆ ನಡಿಗೆಯೂ ಸೇರಿ ಮನೆಗೆ ನಾಲ್ಕೂವರೆ ನಿಮಿಷವಷ್ಟೇ ಸಿಗುತ್ತದೆ. ಸಾಂತಾ ಕುಣಿದು ಲಕೋಟೆ ಪಡೆದು ಹೊರಡುವುದಷ್ಟೇ ಆಗುತ್ತದೆ. ಹದಿನೈದು ಮನೆ ಸಾಕು. ಪ್ರತಿ ಮನೆಯಲ್ಲೂ ಒಂದು ಹಾಡು, ಶುಭಸಂದೇಶದ ನಾಲ್ಕೈದು ವಚನ, ಆ ಮನೆಯವರ ಹೆಸರು ಹೇಳಿ ಪ್ರಾರ್ಥನೆ, ಮತ್ತೊಂದು ಹಾಡು. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮುಂದೆ ಬೈಬಲ್ ಹಿಡಿದವರು, ಪಕ್ಕದಲ್ಲಿ ಲಾಟೀನು. ಹಾಸಿಗೆ ಹಿಡಿದವರ ಮನೆ ಪಟ್ಟಿಯಲ್ಲಿ ಮೊದಲು ಬರಲಿ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬೇಡ, ಕಾನೂನೂ ಬಿಡುವುದಿಲ್ಲ, ನೆರೆಯವರ ನಿದ್ದೆಯೂ ಮುಖ್ಯ. ಸಂಗ್ರಹವಾದ ಹಣ ಯಾವುದಕ್ಕೆ ಎಂದು ಮೊದಲೇ ಹೇಳಿ, ಜನವರಿಯಲ್ಲಿ ಲೆಕ್ಕವನ್ನು ಫಲಕದಲ್ಲಿ ಹಾಕಬೇಕು.

ಸಾಂತಾ ವೇಷ ಮಕ್ಕಳಿಗೆ ಇಷ್ಟ ಎನ್ನುವವರಿಗೆ ಒಂದು ಮಾತು. ಆ ವೇಷದ ಹಿಂದಿರುವವರು ಈಗಿನ ಟರ್ಕಿ ದೇಶದ ಮೀರಾ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದ ಸಂತ ನಿಕೋಲಾಸರು. ಅವರ ಹಬ್ಬ ಡಿಸೆಂಬರ್ 6. ಆ ದಿನ ಮಕ್ಕಳಿಗೆ ಅವರ ಕಥೆ ಹೇಳಿ, ಯಾರಿಗೂ ತಿಳಿಯದಂತೆ ಒಬ್ಬರಿಗೆ ನೆರವಾಗುವ ಕೆಲಸ ಕೊಡಿ. ಸಂತರಿಗೆ ಅವರ ದಿನ ಸಿಕ್ಕಂತಾಗುತ್ತದೆ, 25ನೇ ತಾರೀಖು ಯೇಸುವಿಗೇ ಉಳಿಯುತ್ತದೆ.

ಈ ಕಾಲಕ್ರಮದ ಶಿಸ್ತು ಕಥೋಲಿಕರದ್ದು ಮಾತ್ರವಲ್ಲ. ನಮ್ಮ ರಾಜ್ಯದಲ್ಲೂ ನೆಲೆಸಿರುವ ಕೇರಳ ಮೂಲದ ಸಿರಿಯನ್ ಕ್ರೈಸ್ತ ಪರಂಪರೆಯ ಅನೇಕ ಕುಟುಂಬಗಳು ಡಿಸೆಂಬರ್ 1ರಿಂದ 25 ದಿನ ಮಾಂಸ, ಮೀನು ಬಿಟ್ಟು ವ್ರತ ಹಿಡಿಯುತ್ತವೆ. ಆಗಮನ ಕಾಲದಲ್ಲಿ ವಾರಕ್ಕೊಂದರಂತೆ ಹಚ್ಚುವ ನಾಲ್ಕು ಬತ್ತಿಗಳ ಆಗಮನ ವೃತ್ತ ನಮಗೆ ಬಂದದ್ದೇ ಲೂಥರನ್ ಸಭೆಯಿಂದ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ವಿಖರ್ನ್ ಎಂಬ ಪಾದ್ರಿ ತಮ್ಮ ಆಶ್ರಯದಲ್ಲಿದ್ದ ಬಡ ಮಕ್ಕಳಿಗಾಗಿ 1839ರಲ್ಲಿ ಗಾಡಿಯ ಚಕ್ರದ ಮೇಲೆ ಬತ್ತಿಗಳನ್ನು ಜೋಡಿಸಿದ್ದರು. ಆಂಗ್ಲಿಕನ್ ಪರಂಪರೆಯಿಂದ ಬಂದ ಒಂಬತ್ತು ವಾಚನಗಳ ಕ್ಯಾರಲ್ ಆರಾಧನೆ ಆದಿಕಾಂಡದ ಮೂರನೇ ಅಧ್ಯಾಯದಲ್ಲಿ ಶುರುವಾಗಿ ಯೋಹಾನನ ಮೊದಲ ಅಧ್ಯಾಯಕ್ಕೆ ಬಂದು ಮುಗಿಯುತ್ತದೆ. ಸಮಯ ಸಾಲದೆಂದು ವಾಚನಗಳನ್ನು ಮೂರಕ್ಕೆ ಇಳಿಸಿ ಹಾಡುಗಳನ್ನು ಹೆಚ್ಚಿಸಿದರೆ ಅದು ಸಂಗೀತ ಸಂಜೆಯಾಗುತ್ತದೆ. ಹಾಡು ಕಡಿಮೆ ಮಾಡಿ, ವಾಚನ ಉಳಿಸಿ.

ಮನೆಯ ಆಗಮನ ವೃತ್ತಕ್ಕೆ ಮೂರು ನೇರಳೆ, ಒಂದು ಗುಲಾಬಿ ಬತ್ತಿ ಬೇಕು. ಸಿಗದಿದ್ದರೆ ಬಿಳಿ ಬತ್ತಿಗೆ ಆ ಬಣ್ಣದ ರಿಬ್ಬನ್ ಬುಡದಲ್ಲಿ ಕಟ್ಟಿ. ಮೊದಲ ಬತ್ತಿ ನಾಲ್ಕು ವಾರ ಉರಿಯಬೇಕಾದ್ದರಿಂದ ಸಣ್ಣ ಬತ್ತಿ ಸಾಲದು, ಎರಡು ಅಂಗುಲ ದಪ್ಪದ್ದು ತನ್ನಿ. ರಾತ್ರಿ ಊಟಕ್ಕೆ ಮುನ್ನ ಪ್ರಾರ್ಥನೆಯ ಹತ್ತು ನಿಮಿಷ ಮಾತ್ರ ಹಚ್ಚಿ. ಸುತ್ತಲಿನ ಸೊಪ್ಪನ್ನು ವಾರಕ್ಕೊಮ್ಮೆ ಬದಲಿಸಿ, ಒಣಗಿದ್ದು ಬೇಗ ಹತ್ತಿಕೊಳ್ಳುತ್ತದೆ. 24ರ ಸಂಜೆ ದೇವಾಲಯಕ್ಕೆ ಹೊರಡುವ ಮುನ್ನ ಮೊಬೈಲುಗಳನ್ನು ಬೇರೆ ಕೋಣೆಯಲ್ಲಿಟ್ಟು, ಲೂಕ 2ರ ಮೊದಲ ಇಪ್ಪತ್ತು ವಚನಗಳನ್ನು ಮನೆಯವರೆಲ್ಲ ಹಂಚಿಕೊಂಡು ಓದಿ. ಐವರಿದ್ದರೆ ತಲಾ ನಾಲ್ಕು. ಕನ್ನಡ ಓದು ನಿಧಾನವಿರುವ ಮಕ್ಕಳಿಗೂ ನಾಲ್ಕು ವಚನ ಹೆಚ್ಚಲ್ಲ. ಪೂಜೆ ಮುಗಿಸಿ ಬಂದ ಮೇಲೆ ಮನೆಯ ಅತಿ ಕಿರಿಯರು ಪ್ರತಿಮೆಯನ್ನು ಗೋದಲಿಯಲ್ಲಿ ಮಲಗಿಸಲಿ. ಕೇಕ್ ಅದಾದ ಮೇಲೆ.

ತಿಂಡಿಯ ವಿಷಯದಲ್ಲಿ ನಮಗೆ ಯಾವ ಬೇಸರವೂ ಇಲ್ಲ. ಕರಾವಳಿಯ ಕುಸ್ವಾರ್ ಆಗಲಿ, ಬಯಲುಸೀಮೆಯ ಕಜ್ಜಾಯ, ಕಲ್‌ಕಲ್ ಆಗಲಿ, ಮನೆಮಂದಿ ಕೂತು ಮಾಡಿದ್ದು ಹಬ್ಬದ ಅಂಗವೇ. ತಟ್ಟೆಗಳು ಯಾರ ಮನೆಗೆ ಮೊದಲು ಹೋಗುತ್ತವೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಆ ವರ್ಷ ಸಾವಾಗಿ ಹಬ್ಬ ಮಾಡದ ಮನೆ, ಒಂಟಿಯಾಗಿರುವ ಹಿರಿಯರು, ರಜೆ ಸಿಗದೆ ಊರಿಗೆ ಹೋಗಲಾಗದ ನರ್ಸ್‌ಗಳು, ಜಾರ್ಖಂಡ್, ಒಡಿಶಾದಿಂದ ಬಂದು ಕಟ್ಟಡದ ಶೆಡ್ಡುಗಳಲ್ಲಿರುವ ಕ್ರೈಸ್ತ ಕಾರ್ಮಿಕರು. ಇವರನ್ನು ಪೂಜೆಗೂ ಕರೆತನ್ನಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದನ್ನು ಹಿಂದಿಯಲ್ಲಿ ಅವರೇ ಹೇಳಲಿ.

25 ಸೋಮವಾರ ಬರುವ ವರ್ಷಗಳಲ್ಲಿ ಒಂದು ತೊಡಕಿದೆ. 2023ರಲ್ಲಿ ಹಾಗಾಗಿತ್ತು, ಮತ್ತೆ 2028ರಲ್ಲಿ ಬರುತ್ತದೆ. ಆಗ 24ರ ಬೆಳಿಗ್ಗೆ ಆಗಮನದ ನಾಲ್ಕನೇ ಭಾನುವಾರ, ಅದೇ ಸಂಜೆ ಕ್ರಿಸ್ಮಸ್. ಶನಿವಾರವೇ ಚಪ್ಪರ, ವೈರಿಂಗ್ ಮುಗಿಸಿ. ಭಾನುವಾರ ಬೆಳಗಿನ ಪೂಜೆಗೆ ದೀಪ ಹಚ್ಚಬೇಡಿ, ಹೂವುಗಳನ್ನು ಪೂಜಾಸಾಮಗ್ರಿಯ ಕೋಣೆಯಲ್ಲೇ ಇಡಿ. ಮಧ್ಯಾಹ್ನ ಹತ್ತು ಜನ ಬಂದರೆ ಎರಡು ಗಂಟೆಯಲ್ಲಿ ಉಳಿದ ಕೆಲಸ ಆಗುತ್ತದೆ.

25ರ ನಂತರದ ದಿನಗಳನ್ನು ಖಾಲಿ ಬಿಡಬೇಡಿ. 26 ಸಂತ ಸ್ತೇಫನರದು, ಮರುದಿನ ಸಂತ ಯೋಹಾನರದು, 28 ಹೆರೋದನ ಕೈಯಲ್ಲಿ ಸತ್ತ ಬೆತ್ಲೆಹೇಮಿನ ಕಂದಮ್ಮಗಳದು. ಅಂದು ಮಕ್ಕಳನ್ನು ದೇವಾಲಯಕ್ಕೆ ಕರೆದು ಆಶೀರ್ವಾದ ಕೊಡಿಸಿ. ಜನವರಿ 1 ದೇವಮಾತೆಯ ಹಬ್ಬ. ಶಾಲೆಗಳ ಹಾಗೂ ಸಂಘಗಳ ಕ್ರಿಸ್ಮಸ್ ಕೂಟಗಳನ್ನು ಸಾಧ್ಯವಾದಷ್ಟು ಈ ಅವಧಿಗೆ ಸರಿಸಿ. ರಜೆಯ ಕಾರಣ ಶಾಲೆಗಳಿಗೆ ಆಗದಿದ್ದರೆ ಡಿಸೆಂಬರ್‌ನ ಕಾರ್ಯಕ್ರಮದಲ್ಲಿ ಆಗಮನದ ಹಾಡು, ಪ್ರವಾದಿಗಳ ವಾಚನ, ಮರಿಯಮ್ಮನವರು ಬಂಧು ಎಲಿಜಬೇತರನ್ನು ಕಂಡ ಭೇಟಿಯ ರೂಪಕ ಇರಲಿ. ನಕ್ಷತ್ರ, ಗೋದಲಿ ಯೇಸುವಿನ ದೀಕ್ಷಾಸ್ನಾನದ ಹಬ್ಬದವರೆಗೂ ಇರಬೇಕು.

ಕೊನೆಯದಾಗಿ ತಮ್ಮ ಪತ್ರಿಕೆಗೂ ಒಂದು ವಿನಂತಿ. ಡಿಸೆಂಬರ್ 25ರ ಸಂಚಿಕೆಯಲ್ಲಿ ಕೇಕ್ ಮತ್ತು ಸಾಂತಾ ಟೋಪಿಯ ಚಿತ್ರಗಳ ಜೊತೆ ಲೂಕನ ಶುಭಸಂದೇಶದ ಆ ಹದಿನಾಲ್ಕು ವಚನಗಳನ್ನು ಕನ್ನಡದಲ್ಲಿ ಒಂದು ಚೌಕಟ್ಟಿನಲ್ಲಿ ಪ್ರಕಟಿಸಿ. ದೇವಾಲಯಗಳ ಪೂಜಾ ಸಮಯವನ್ನು 23ರಂದೇ ಕೊಟ್ಟರೆ ಹೊರ ಊರಿನವರಿಗೆ ಅನುಕೂಲ. ಜನವರಿಯಲ್ಲಿ ಬರುವ ದೈವದರ್ಶನ ಮತ್ತು ದೀಕ್ಷಾಸ್ನಾನದ ಹಬ್ಬಗಳಿಗೂ ಒಂದೊಂದು ಸಣ್ಣ ಸುದ್ದಿಯ ಜಾಗವಿರಲಿ.

— ಧರ್ಮೋಪದೇಶ ಶಿಕ್ಷಕರು ಮತ್ತು ಗಾನವೃಂದದ ಸದಸ್ಯರು, ಬೆಂಗಳೂರು